ತಯಾರಕರಿಲ್ಲದ ಮೋಟಾರು ಮನೆ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ನಮ್ಮ ಹಿರಿಯರ ಗಾದೆ. ಸೊಸೆಯನ್ನು ತರುವಾಗ ಮಾತ್ರವಲ್ಲ, ಸಾಮಾನು ಕೊಳ್ಳುವಾಗಲೂ ನಾವು ಅದು ಹುಟ್ಟಿದ ಮನೆಯನ್ನು ವಿಚಾರಿಸುತ್ತೇವೆ. ಆದರೆ ಹುಟ್ಟಿದ ಮನೆಯೇ ಬಾಗಿಲು ಹಾಕಿಕೊಂಡಿದ್ದರೆ? ಅಮೆರಿಕದ ಡಲ್ಲಾಸ್ ನಗರದ ಸಮೀಪದಲ್ಲಿ ವಾಸವಾಗಿರುವ ನಮಗೆ 2018ರಲ್ಲಿ ಈ ಪ್ರಶ್ನೆ ಎದುರಾಯಿತು.

ಆ ವರ್ಷ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಅತ್ತೆಯವರು ಮೈಸೂರಿನಿಂದ ಬಂದಿದ್ದರು. ವಯಸ್ಸು 79. ಇಲ್ಲಿರಲು ದೊರೆತ ಅವಧಿ ಆರು ತಿಂಗಳು. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಒಂದೇ ಆಸೆ. ದಾರಿಯೋ ಸುಮಾರು 1,000 ಮೈಲಿ. ಹೋಟೆಲಿನ ಊಟ ಅವರಿಗೆ ಒಗ್ಗದು. ಮಂಡಿನೋವಿನಿಂದ ಕಾರಿನಲ್ಲಿ ಬಹಳ ಹೊತ್ತು ಕೂರಲಾಗದು. ಆಗ ನಮ್ಮ ಯೋಚನೆ ‘ಆರ್.ವಿ.’ಯತ್ತ ಹರಿಯಿತು. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇರುವ, ಬಸ್ಸಿನಂಥ ಮೋಟಾರು ಮನೆಯದು. ಬಾಡಿಗೆಗೂ ದೊರೆಯುತ್ತದೆ. ಆದರೆ ಯಜಮಾನರು ಆಗತಾನೆ ನಿವೃತ್ತರಾಗಿದ್ದುದರಿಂದ ಮುಂದೆಯೂ ದೇಶ ಸುತ್ತುವ ಹಂಬಲ ನಮಗಿತ್ತು.

ಹೊಸದಕ್ಕೆ ಲಕ್ಷ ಡಾಲರಿಗೂ ಮಿಗಿಲು ಬೆಲೆ. ನಮಗೆ ಎಟುಕಿದ್ದು 2006ರ ಒಂದು ಗಾಡಿ, 31,000 ಡಾಲರಿಗೆ. ಅದನ್ನು ಕಟ್ಟಿದ ಕಂಪನಿ ಎಂದೋ ಮುಚ್ಚಿಹೋಗಿತ್ತು.

“ಕಂಪನಿಯೇ ಇಲ್ಲ, ನಾಳೆ ಕೆಟ್ಟರೆ ಯಾರ ಬಾಗಿಲು ತಟ್ಟುತ್ತೀರಪ್ಪಾ?” ಎಂದು ಮಗ ಕೇಳಿದ. ಅವನ ಅಂಜಿಕೆ ಸುಳ್ಳಲ್ಲ. 2008ರಲ್ಲಿ ಪೆಟ್ರೋಲಿನ ಬೆಲೆ ಏರಿ, ಬ್ಯಾಂಕುಗಳು ಸಾಲ ಕೊಡುವುದನ್ನು ಬಿಗಿಮಾಡಿದಾಗ ಈ ಉದ್ಯಮವೇ ನಡುಗಿತ್ತು. 1950ರಲ್ಲಿ ಹುಟ್ಟಿದ ಫ್ಲೀಟ್‌ವುಡ್, ಆರೆಗಾನ್ ರಾಜ್ಯದ ಮೊನಾಕೊ ಮುಂತಾದ ದೊಡ್ಡ ಸಂಸ್ಥೆಗಳೇ 2009ರ ಮಾರ್ಚ್ ತಿಂಗಳಿನಲ್ಲಿ ದಿವಾಳಿ ನ್ಯಾಯಾಲಯದ ಮೊರೆಹೊಕ್ಕವು. ಮುಳುಗಿದ ಸಂಸ್ಥೆಯ ಹೆಸರನ್ನು ಕೊಂಡವರು ಹಳೆಯ ಗ್ಯಾರಂಟಿಯ ಹೊಣೆಯನ್ನೂ ಹೊರಬೇಕೆಂಬ ನಿಯಮವೇನಿಲ್ಲ.

ಯಜಮಾನರು ಮಾತ್ರ ತಮ್ಮ ಯೆಜ್ಡಿಯನ್ನು ನೆನೆದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಲ್ಲವೆ? ಆದರೂ ಅವರು ಊರಿನಲ್ಲಿ ಬಿಟ್ಟುಬಂದ ಬೈಕು ಮೈದುನರ ಕೈಯಲ್ಲಿ ಇಂದಿಗೂ ಓಡುತ್ತಿದೆ. ಅದರ ಕರುಳನ್ನು ಬಲ್ಲ ಮೇಸ್ತ್ರಿಗಳು ಊರಿನಲ್ಲಿ ಉಳಿದಿದ್ದಾರೆ, ಅಷ್ಟೆ.

ಪರಿಚಯದ ಮೆಕ್ಯಾನಿಕರೊಬ್ಬರನ್ನು ಕರೆದೊಯ್ದು ಗಾಡಿಯನ್ನು ತೋರಿಸಿದೆವು. ಅವರು ಹೇಳಿದ ಮಾತು ನಮ್ಮ ಕಣ್ಣು ತೆರೆಸಿತು. ಇಂಥ ಗಾಡಿಯನ್ನು ಒಂದೇ ಕಂಪನಿ ಮಾಡುವುದಿಲ್ಲ. ನಮ್ಮದರ ಚಾಸಿ ಹಾಗೂ ಹತ್ತು ಸಿಲಿಂಡರಿನ ಎಂಜಿನ್ ಫೋರ್ಡ್ ಕಂಪನಿಯವು, ಜನರೇಟರ್ ಓನನ್‌ನದು, ಫ್ರಿಜ್, ಒಲೆ, ನೀರಿನ ಪಂಪು ಬೇರೆ ಬೇರೆಯವರವು. ಅವರೆಲ್ಲರ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಮುಚ್ಚಿದ ಕಂಪನಿಗೇ ಸೇರಿದ್ದೆಂದರೆ ಗೋಡೆ, ಚಾವಣಿ, ಮುಂದಿನ ದೊಡ್ಡ ಗಾಜಿನ ಅಳತೆ ಮತ್ತು ವೈರಿಂಗಿನ ನಕ್ಷೆ. “ಎಂಜಿನ್ನಿಗೆ ಅಂಜಬೇಡಿ, ನೀರಿಗೆ ಅಂಜಿ” ಎಂದರು. ಚಾವಣಿಯ ರಬ್ಬರು ಹಾಳೆಯ ಅಂಚುಗಳಲ್ಲಿ ನೀರು ಇಳಿದರೆ ಒಳಗಿನ ಮರ ಕೊಳೆತು, ಫೈಬರ್ ಗೋಡೆ ಉಬ್ಬುತ್ತದೆ. ಟೈರುಗಳ ಮೇಲಿನ ಕೊನೆಯ ನಾಲ್ಕು ಅಂಕಿಗಳನ್ನೂ ಓದಿಸಿದರು. ಅವು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ನಿಂತ ಗಾಡಿಯ ಟೈರು ಸವೆಯದಿದ್ದರೂ ಮುಪ್ಪಾಗಿರುತ್ತದೆ. ನಮ್ಮವು ಒಂಬತ್ತು ವರ್ಷದ ಹಳೆಯವು. ಹಿಂಬದಿಯ ಮೂಲೆಯೊಂದು ಮೆತ್ತಗಾಗಿತ್ತು. ಈ ಎರಡನ್ನೂ ತೋರಿಸಿ 4,000 ಡಾಲರು ಇಳಿಸಿ, ಜೂನ್‌ನಲ್ಲಿ ಕೊಂಡೆವು.

ಜುಲೈನಲ್ಲಿ ಮೊದಲ ಬಾರಿಗೆ ಹೆದ್ದಾರಿಗೆ ಇಳಿಸಿದಾಗ ಮುಂದಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಗಾಜಿಗೆ ಬಡಿಯಿತು. ಸಂಜೆಯ ವೇಳೆಗೆ ಬಿರುಕು ಈ ತುದಿಯಿಂದ ಆ ತುದಿಗೆ ಹರಿದಿತ್ತು. ಸಿಗದೆಂದು ಹೇಳಿದ್ದ ವಸ್ತುವೇ ಒಡೆದಿತ್ತು! ಎರಡು ಗಾಜಿನ ಅಂಗಡಿಗಳವರು ಕೈಚೆಲ್ಲಿದರು. ಮಗ ಏನನ್ನೂ ಅನ್ನಲಿಲ್ಲ. ಅನ್ನದಿದ್ದುದೇ ನಮಗೆ ಹೆಚ್ಚು ನೋವಾಯಿತು. ಅತ್ತೆಯವರ ಟಿಕೆಟ್ಟು ಅಕ್ಟೋಬರ್ ಮೊದಲ ವಾರಕ್ಕೆ ಆಗಿತ್ತು. ಅವರು ದಿನವೂ ಅಂಗಳಕ್ಕೆ ಬಂದು, ನಿಂತ ಗಾಡಿಯ ಮೆಟ್ಟಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದರು. “ನನಗೆ ಇದೇ ಸಾಕು ಬಿಡಮ್ಮ, ಸುಮ್ಮನೆ ದುಡ್ಡು ಕಳೆಯಬೇಡಿ” ಎಂದರು. ಆ ಮಾತು ಕೇಳಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಕೊನೆಗೆ ಅದೇ ಮಾದರಿಯ ಗಾಡಿಯಿದ್ದ ವೃದ್ಧರೊಬ್ಬರು, ಹಳೆಯ ಮೋಟಾರು ಮನೆಗಳ ಗಾಜನ್ನೇ ಸಂಗ್ರಹಿಸಿಡುವ ವ್ಯಾಪಾರಿಯೊಬ್ಬರ ಸುಳಿವು ಕೊಟ್ಟರು. ಗಾಜು ಬಂದು ಕೂರುವ ಹೊತ್ತಿಗೆ 24 ದಿನ ಮತ್ತು 2,400 ಡಾಲರು ಕಳೆದಿದ್ದವು. ಇಳಿಸಿದ್ದ ಬೆಲೆಯ ಅರ್ಧಕ್ಕೂ ಹೆಚ್ಚು ಅಲ್ಲಿಗೇ ಹೋಯಿತು.

ಸೆಪ್ಟೆಂಬರ್‌ನಲ್ಲಿ ಹೊರಟು, ನಾಲ್ಕನೆಯ ದಿನ ಸುಮಾರು 7,000 ಅಡಿ ಎತ್ತರದ ದಕ್ಷಿಣದಂಚನ್ನು ತಲುಪಿದೆವು. ಬೆಳಿಗ್ಗೆ ಅತ್ತೆಯವರೇ ನಮ್ಮ ಒಲೆಯ ಮೇಲೆ ಉಪ್ಪಿಟ್ಟು ಮಾಡಿದರು. ಕಣಿವೆಯ ಮುಂದೆ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದು, “ನಿಮ್ಮ ಮಾವನವರೂ ನೋಡಬೇಕಿತ್ತು” ಎಂದರು. 2021ರಲ್ಲಿ ಅವರೂ ತೀರಿಕೊಂಡರು.

ಇಂಥ ಗಾಡಿಯನ್ನು ಕೊಳ್ಳಿರೆಂದು ಯಾರಿಗೂ ನಾವು ಒತ್ತಾಯಿಸುವುದಿಲ್ಲ. ಕೊಳ್ಳುವುದಾದರೆ ಬೆಲೆಯಲ್ಲಿ ಉಳಿದ ಹಣವನ್ನು ಖರ್ಚುಮಾಡದೆ ರಿಪೇರಿಗೆಂದೇ ತೆಗೆದಿಡಿ. ಅದೇ ಮಾದರಿಯ ಗಾಡಿ ಉಳ್ಳವರನ್ನು ಮೊದಲೇ ಪರಿಚಯ ಮಾಡಿಕೊಳ್ಳಿ. ನಮ್ಮ ಗಾಡಿಯಲ್ಲೀಗ ಒಂದು ದಪ್ಪ ನೋಟುಪುಸ್ತಕವಿದೆ. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾವ ಭಾಗ ಯಾರಲ್ಲಿ ಸಿಕ್ಕಿತು, ಗಾಜಿನ ಅಳತೆ ಎಷ್ಟು ಎಂಬುದೆಲ್ಲ ಅದರಲ್ಲಿದೆ. ನಾಳೆ ಗಾಡಿಯನ್ನು ಮಾರಿದರೆ, ಕೀಲಿಕೈಯೊಡನೆ ಅದನ್ನೂ ಕೊಡುತ್ತೇವೆ.