ಹೊತ್ತಿಗೆ ಹೊತ್ತುವ ಕಿಡಿ

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ತಿರುವುಗಳಲ್ಲಿ ಎಂಜಿನ್ನಿನ ತಾಕತ್ತು ಎಷ್ಟೆಂದು ಗೊತ್ತಾಗಿಬಿಡುತ್ತದೆ. ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಹಳೆಯ ಪೆಟ್ರೋಲ್ ಕಾರು ಐದನೇ ತಿರುವಿಗೇ ಸೋತಿತು. ಮಿಸ್ಸಿಂಗ್ ಹೊಡೆಯುತ್ತಿರಲಿಲ್ಲ, ಪಿಕಪ್ ಇಲ್ಲ, ಟೆಂಪರೇಚರ್ ಮುಳ್ಳು ಮಾತ್ರ ಏರುತ್ತಲೇ ಇತ್ತು. ಹಿಂದೆ ಕೂತಿದ್ದ ಭಾವ, "ಕಾಯಿಲ್ ಹೋಗಿರ್ಬೇಕು" ಎಂದರು. ಪಕ್ಕದಲ್ಲಿದ್ದ ಅಪ್ಪ ಕಣ್ಣು ಮುಚ್ಚಿ ಸದ್ದು ಆಲಿಸುತ್ತಿದ್ದರು. "ಕಿಡಿ ಉಂಟು ಮಗಾ, ಹೊತ್ತಿಗೆ ಬರ್ತಾ ಇಲ್ಲ ಅಷ್ಟೆ."

ಹೊತ್ತು ಎಂದರೆ ಸಮಯ; ಬೆಂಕಿ ತಗಲುವುದೂ ಹೊತ್ತುವುದೇ. ಇಗ್ನಿಷನ್ ವಿದ್ಯೆಯೆಲ್ಲ ಈ ಒಂದು ಮಾತಿನೊಳಗಿದೆ. ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ಸ್ವಿಚ್ಚಾದ ಪಾಯಿಂಟ್ ಕೂಡಿದ್ದಾಗ ಬ್ಯಾಟರಿಯ 12 ವೋಲ್ಟ್ ಕಾಯಿಲ್‌ನ ದಪ್ಪ ತಂತಿಯ ಸುತ್ತಿನಲ್ಲಿ ಕಾಂತಶಕ್ತಿ ತುಂಬುತ್ತದೆ. ಪಾಯಿಂಟ್ ಬಿಟ್ಟ ಕ್ಷಣ ಆ ಶಕ್ತಿ ಕುಸಿದು, ಸಾವಿರಾರು ಸುತ್ತುಗಳ ಸಣ್ಣ ತಂತಿಯಲ್ಲಿ 20,000 ವೋಲ್ಟ್‌ನಷ್ಟಾಗಿ ಪ್ಲಗ್ಗಿಗೆ ಹಾರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕಾರಿಗೆ ತಂದ ಈ ಉಪಾಯ ಬಹುಕಾಲ ಲೋಕದ ಬಹುಪಾಲು ಪೆಟ್ರೋಲ್ ಕಾರುಗಳನ್ನು ಓಡಿಸಿತು. ಪೆಟ್ರೋಲ್ ಉರಿಯಲೂ ಒಂದಿಷ್ಟು ಹೊತ್ತು ಬೇಕು. ಅದಕ್ಕೇ ಪಿಸ್ಟನ್ ತುದಿ ಮುಟ್ಟುವುದಕ್ಕೆ ತುಸು ಮೊದಲೇ ಕಿಡಿ ಬೀಳಬೇಕು. ತಡವಾದರೆ ತಳ್ಳುವ ಬಲವೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ಬೇಗವಾದರೆ ಎಂಜಿನ್ ಕಟಕಟ ಎನ್ನುತ್ತದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬಾನೆಟ್ ಎತ್ತಿದೆ. ಕಾಯಿಲ್‌ನಿಂದ ಬರುವ ನಡುವಿನ ವಯರ್ ಕಳಚಿ, ಇಕ್ಕಳದಲ್ಲಿ ಹಿಡಿದು, ಎಂಜಿನ್ ಮೈಗೆ ಹತ್ತಿರ ತಂದೆ. ಭಾವ ಸೆಲ್ಫ್ ಹೊಡೆದರು. ಚಟ್ ಚಟ್ ಎಂದು ನೀಲಿ ಕಿಡಿ. ಕಾಯಿಲ್ ಗಟ್ಟಿಯಾಗಿತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪಾಯಿಂಟ್ ಪೂರಾ ಬಿಟ್ಟಿರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಿ, 0.4 ಮಿಲಿಮೀಟರಿನ ಫೀಲರ್ ಗೇಜ್ ತೂರಿಸಹೋದರೆ ಒಳಗೇ ಹೋಗಲೊಲ್ಲದು. ಕ್ಯಾಮ್‌ಗೆ ಉಜ್ಜಿ ಉಜ್ಜಿ ಪಾಯಿಂಟಿನ ಫೈಬರ್ ಹಿಮ್ಮಡಿ ಸವೆದಿತ್ತು. ಅದು ಸವೆದಷ್ಟೂ ಪಾಯಿಂಟ್ ತಡವಾಗಿ ಬಿಡುತ್ತದೆ, ಕಿಡಿಯೂ ತಡ. ಕೂದಲೆಳೆಯಷ್ಟು ಸವೆತಕ್ಕೆ ಇಡೀ ಘಾಟಿ ಭಾರವಾಗಿತ್ತು.

ಹೊಸ ಪಾಯಿಂಟ್ ಕೂಡಿಸಿ ಗ್ಯಾಪ್ ಇಟ್ಟೆ. ಪುಲ್ಲಿಯ ಗುರುತನ್ನು ಸರಿಯಾದ ಗೆರೆಗೆ ತಂದು, ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ತಂತಿಗೂ ಬಾಡಿಗೂ ನಡುವೆ ಸಣ್ಣ ಬಲ್ಬ್ ಕಟ್ಟಿದೆ. ಪಾಯಿಂಟ್ ಬಿಟ್ಟೊಡನೆ ಬಲ್ಬ್ ಹತ್ತಬೇಕು. ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಎರಡೂ ಕೈಯಲ್ಲಿ ಹಿಡಿದು, ವೀಣೆಯ ಬಿರಡೆ ತಿರುಗಿಸಿದಂತೆ ಸರಿಸುತ್ತಾ ಹೋದೆ. ಇಲ್ಲ... ಇಲ್ಲ... ಹತ್ತಿತು! ಈ ಒಂದು ಕ್ಷಣಕ್ಕಾಗಿಯೇ ನನಗೆ ಈ ಕೆಲಸದ ಮೇಲೆ ಇಷ್ಟು ಮೋಹ. ಉಸಿರು ಬಿಗಿಹಿಡಿದು ಬೋಲ್ಟ್ ಬಿಗಿದೆ.

ಸಂಜೆ ಮತ್ತೆ ಘಾಟಿ. 3000 ಆರ್‌ಪಿಎಂಗೆ ನಾಲ್ಕು ಸಿಲಿಂಡರಿನಲ್ಲಿ ಸೆಕೆಂಡಿಗೆ 100 ಕಿಡಿ, ಒಂದೊಂದೂ ತನ್ನ ಹೊತ್ತಿಗೆ. ಐದನೇ ತಿರುವು ಬಂದದ್ದೂ ತಿಳಿಯಲಿಲ್ಲ. ಪಕ್ಕಕ್ಕೆ ನೋಡಿದೆ. ಅಪ್ಪ ಆಲಿಸುವುದನ್ನು ಬಿಟ್ಟು ಕಾಡು ನೋಡುತ್ತಿದ್ದರು.