ಮಾದಪ್ಪನ ದಾರಿಯಿಂದ ದ್ರಾಕ್ಷಿ ತೋಟಕ್ಕೆ

ಹನೂರಿನಲ್ಲಿ ಬೆಳಗಿನ ಬಸ್ಸಿಗೆ ಕಾದು ನಿಂತರೆ ಎದುರು ದಿಕ್ಕಿಗೆ ಹೋಗುವ ಬಸ್ಸುಗಳೇ ಹೆಚ್ಚು. ಎಲ್ಲವೂ ಮಲೆ ಮಹದೇಶ್ವರ ಬೆಟ್ಟದವು. ಜನ ‘ಉಘೇ ಮಾದಪ್ಪ’ ಎಂದು ಬೆಟ್ಟದ ಕಡೆ ಹೋಗುತ್ತಿದ್ದರೆ ನಾನು ಬೆಟ್ಟಕ್ಕೆ ಬೆನ್ನು ಹಾಕಿ ಕೊಳ್ಳೇಗಾಲದ ಬಸ್ಸು ಹತ್ತಿದೆ. ಹೊರಟಿದ್ದು ವೈನ್ ರುಚಿ ನೋಡಲು. “ಎತ್ತಗೆ ಮೇಷ್ಟ್ರೇ ಇಷ್ಟೊತ್ಗೇ?” ಎಂದು ಪಕ್ಕದವರು ಕೇಳಿದಾಗ “ದ್ರಾಕ್ಷಿ ತೋಟ ನೋಡಕ್ಕೆ” ಎಂದೆ. ಅರ್ಧ ನಿಜ ಹೇಳಿದರೆ ಬಸ್ಸಿನ ಮಟ್ಟಿಗೆ ಸಾಕು.

ಈ ಪ್ರಯಾಣಕ್ಕೆ ಕಾರಣ ನನ್ನ ಅಕ್ಕನ ಮಗ. ಫ್ರಾನ್ಸಿನ ಟುಲೂಸ್‌ನಲ್ಲಿ ಕೆಲಸ. ರಜಕ್ಕೆ ಬೆಂಗಳೂರಿಗೆ ಬಂದವನು ಫೋನ್ ಮಾಡಿ, “ಮಾವ, ಎರಡು ಬಾಟಲಿ ತಂದಿದೀನಿ. ಅಲ್ಲಿ ದಿನಾ ಊಟದ ಜೊತೆ ಕುಡಿಯೋ ಅಂಥವು, ದುಬಾರಿ ಏನಲ್ಲ. ಆದ್ರೆ ಅದಕ್ಕೆ ಮುಂಚೆ ನಿಮಗೆ ಒಂದು ತೋಟ ತೋರಿಸ್ಬೇಕು, ಬನ್ನಿ” ಅಂದ. ವಿದೇಶದಿಂದ ಬರುವವರು ಎರಡು ಲೀಟರ್‌ವರೆಗೆ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಅಂಗಡಿಗೆ ಬರುವ ಬಾಟಲಿಯ ಕಥೆ ಬೇರೆ. ಬಹುಕಾಲ ನಮ್ಮಲ್ಲಿ ಆಮದು ವೈನ್ ಮೇಲೆ ಶೇ. 150ರಷ್ಟು ಸುಂಕವಿತ್ತು, ಅದರ ಮೇಲೆ ರಾಜ್ಯದ ಅಬಕಾರಿ, ಸಾಗಣೆ, ಅಂಗಡಿಯ ಲಾಭ. ಟುಲೂಸ್‌ನ ಸೂಪರ್ ಮಾರ್ಕೆಟ್‌ನಲ್ಲಿ ಐದಾರು ಯೂರೋ ಬೆಲೆಯ ಸಾಧಾರಣ ಬಾಟಲಿ ಬೆಂಗಳೂರು ತಲುಪುವಷ್ಟರಲ್ಲಿ ಮದುವೆ ಮನೆ ಉಡುಗೊರೆಯಾಗಿಬಿಡುತ್ತದೆ.

ಸತ್ತೇಗಾಲದ ಹತ್ತಿರ ಕಾವೇರಿ ದಾಟಿ, ಮಳವಳ್ಳಿ, ಕನಕಪುರ ಹಾದು ಬೆಂಗಳೂರು ಸೇರಿದ್ದರಲ್ಲಿ ಹೇಳುವಂಥದ್ದೇನೂ ಇಲ್ಲ. ಹಲಗೂರಿನ ಆಚೆ ನಿದ್ದೆ ಹೋಗಿದ್ದೆ. ಮರುದಿನ ಅಳಿಯನ ಕಾರಿನಲ್ಲಿ ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರ. ನಂದಿಬೆಟ್ಟದ ಸೀಮೆ, ಕೆಂಪು ಮಣ್ಣು, ಅಲ್ಲಲ್ಲಿ ಕೊಯ್ದ ರಾಗಿ ಹೊಲ. ನಮ್ಮ ಹನೂರಿನ ಕಡೆಯ ನೆಲವೇ ಎಂದುಕೊಳ್ಳುವಷ್ಟರಲ್ಲಿ ತಂತಿ ಕಟ್ಟಿದ ಸಾಲುಗಳು ಶುರುವಾದವು. ಗ್ರೋವರ್ ಜಂಪಾ ತೋಟ. ಸಾಲಿನಲ್ಲಿ ತೂಗುತ್ತಿದ್ದವು ಬೋರ್ಡೋದ ಕ್ಯಾಬರ್ನೆ ಸೋವಿನ್ಯೋನ್, ರೋನ್ ಕಣಿವೆಯ ಸಿರಾ. ಸಿರಾವನ್ನೇ ನಮ್ಮಲ್ಲಿ ಶಿರಾಜ್ ಅನ್ನುತ್ತಾರೆ.

ನಾನು ಬೆರಗಾಗಿ ನಿಂತದ್ದು ಇಲ್ಲಿ. ವೈನ್ ದ್ರಾಕ್ಷಿಗೆ ಭೂಮಿಯ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವಿನ ನಾಡುಗಳೇ ಬೇಕು ಎಂಬುದು ಹಳೆಯ ಲೆಕ್ಕ. ಬೋರ್ಡೋ ಇರುವುದು 45ರ ಆಸುಪಾಸು, ನಂದಿ ಇರುವುದು 13ರಲ್ಲಿ. ಅಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಸತ್ತಂತೆ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತದೆ. ಅದಕ್ಕೇ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ ಒಮ್ಮೆ, ಕಡ್ಡಿ ಬಲಿಯಲೆಂದು. ಮಳೆ ಹಿಂದೆಗೆಯುವಾಗ ಇನ್ನೊಮ್ಮೆ, ಹಣ್ಣಿಗೆಂದು. ಹಣ್ಣು ಮಾಗುವುದು ಫೆಬ್ರವರಿ–ಮಾರ್ಚ್‌ನಲ್ಲಿ, ಹಗಲು ಬಿಸಿಲು ಕಾದು ರಾತ್ರಿ ತಂಪಾಗುವ ದಿನಗಳಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರವಿರುವುದರಿಂದ ಆ ತಂಪು ಸಿಗುತ್ತದೆ. ಅಕ್ಷಾಂಶದಲ್ಲಿ ಕಳೆದುಕೊಂಡದ್ದನ್ನು ಎತ್ತರದಲ್ಲಿ ಗಿಟ್ಟಿಸಿಕೊಂಡಿದ್ದಾರೆ.

ಈ ಜಾಗ ಹುಡುಕಿದವರು ಕನ್ವಲ್ ಗ್ರೋವರ್. ವ್ಯಾಪಾರಕ್ಕೆಂದು ಫ್ರಾನ್ಸಿಗೆ ಓಡಾಡುತ್ತಿದ್ದವರಿಗೆ ಅಲ್ಲಿನ ವೈನ್ ಹಿಡಿಸಿ, ಷಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆತಂದು, ಫ್ರೆಂಚ್ ತಳಿಗಳನ್ನು ವರ್ಷಗಟ್ಟಲೆ ನೆಟ್ಟು ನೋಡಿ, 1988ರಲ್ಲಿ ತೋಟ ಕಟ್ಟಿದರು. ಮೊದಲ ವೈನ್ ಹೊರಬಂದದ್ದು 1992ರಲ್ಲಿ. ಮುಂದೆ ಬೋರ್ಡೋದ ಹೆಸರಾಂತ ಸಲಹೆಗಾರ ಮಿಷೆಲ್ ರೋಲಾನ್ ಕೂಡ ಜೊತೆಯಾದರು. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದದ್ದು 2007ರಲ್ಲಿ. ಅಂದರೆ ನೀತಿಗಿಂತ ತೋಟಕ್ಕೇ ವಯಸ್ಸು ಹೆಚ್ಚು.

ಕ್ಯಾಬರ್ನೆಯ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ಗಾತ್ರದಲ್ಲಿ ಬಟಾಣಿ, ಸಿಪ್ಪೆ ದಪ್ಪ, ಬೀಜವೇ ಬಾಯಿ ತುಂಬ. ತಿನ್ನುವ ದ್ರಾಕ್ಷಿಗಿಂತ ಸಿಹಿ, ಕೊನೆಗೆ ಒಗರು. ಒಳಗಿನ ರಸಕ್ಕೆ ಬಣ್ಣವೇ ಇಲ್ಲ! ಕೆಂಪೆಲ್ಲ ಸಿಪ್ಪೆಯದ್ದು. ಜಜ್ಜಿದ ಹಣ್ಣನ್ನು ಸಿಪ್ಪೆಯ ಸಮೇತ ಸ್ಟೀಲ್ ಟ್ಯಾಂಕಿನಲ್ಲಿ ಹುಳಿಯಲು ಬಿಟ್ಟಾಗ ಬಣ್ಣವೂ ಒಗರೂ ರಸಕ್ಕೆ ಇಳಿಯುತ್ತವೆ. ದಿನಬಳಕೆಯ ವೈನಾದರೆ ಟ್ಯಾಂಕಿನಿಂದ ಹೆಚ್ಚುಕಡಿಮೆ ನೇರ ಬಾಟಲಿಗೆ. ಮೇಲ್ದರ್ಜೆಯದಾದರೆ ಓಕ್ ಪೀಪಾಯಿಗೆ. ಬೋರ್ಡೋ ಪೀಪಾಯಿ ಹಿಡಿಯುವುದು 225 ಲೀಟರ್, ಮರವೂ ಫ್ರಾನ್ಸಿನಿಂದ ಬರಬೇಕು. ಬಾಟಲಿಯ ಬೆಲೆ ಏರುವುದಕ್ಕೆ ಈ ಮರವೂ ಒಂದು ಕಾರಣ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸುತ್ತ ಮೊದಲಿಂದಲೂ ಇರುವ ದ್ರಾಕ್ಷಿ ಬೆಂಗಳೂರು ಬ್ಲೂ. ಸಂತೆಯಲ್ಲಿ ನಾವು ಕೊಂಡು ತಿನ್ನುವ, ಘಂ ಎನ್ನುವ ಕಪ್ಪು ದ್ರಾಕ್ಷಿ. ಇದಕ್ಕೆ ಭೌಗೋಳಿಕ ಮಾನ್ಯತೆಯೂ ಇದೆ. ಅಮೆರಿಕ ಮೂಲದ ಇಸಾಬೆಲ್ಲಾ ಕುಲಕ್ಕೆ ಸೇರಿದ್ದು. ಇದೇ ಇಸಾಬೆಲ್ಲಾ ತಳಿಯನ್ನು ಫ್ರಾನ್ಸ್ 1934ರ ಕಾನೂನಿನಲ್ಲಿ ಇನ್ನೈದು ತಳಿಗಳ ಜೊತೆ ನಿಷೇಧಿಸಿತು. ಅವರು ಓಡಿಸಿದ ಕುಲ ನಮ್ಮಲ್ಲಿ ಮಾನ್ಯತೆ ಪಡೆದು ಕೂತಿದೆ. ಅವರ ಕುಲೀನ ಕ್ಯಾಬರ್ನೆ ಪಕ್ಕದ ಹೊಲದಲ್ಲೇ ಕೊಯ್ಲಿಗೆ ಬಂದಿದೆ. ಇಬ್ಬರಿಗೂ ನೀರು ಒಂದೇ ಬೋರ್‌ವೆಲ್ ಸೀಮೆಯದು.

ರಾತ್ರಿ ಅಕ್ಕನ ಮನೆಯಲ್ಲಿ ಮೂರು ಬಾಟಲಿ ಸಾಲಾಗಿ ನಿಂತವು. ತೋಟದಿಂದ ಕೊಂಡು ತಂದ ಲಾ ರಿಸರ್ವ್, ಅಂದರೆ ಕ್ಯಾಬರ್ನೆ–ಶಿರಾಜ್ ಬೆರಕೆ, ಫ್ರಾನ್ಸಿನಿಂದ ಬಂದ ಕೋಟ್ ದ್ಯು ರೋನ್, ಮತ್ತು ಫ್ರೋಂಟೋನ್. ಫ್ರೆಂಚ್ ಬಾಟಲಿಗಳ ಚೀಟಿ ಮೇಲೆ ದ್ರಾಕ್ಷಿಯ ಹೆಸರು ಹುಡುಕಿದೆ, ಇರಲಿಲ್ಲ. “ಅಲ್ಲಿ ಊರಿನ ಹೆಸರೇ ಮುಖ್ಯ ಮಾವ. ಊರು ಗೊತ್ತಾದ್ರೆ ತಳಿ ಗೊತ್ತಾಗ್ಬೇಕು ಅಂತ” ಅಂದ ಅಳಿಯ. ನಂಜನಗೂಡು ಅಂದರೆ ರಸಬಾಳೆ ಎಂದು ಬಿಡಿಸಿ ಹೇಳಬೇಕೇ, ಹಾಗೆ. ಈ ಪದ್ಧತಿಗೆ ಅವರು 1935ರಲ್ಲೇ ಕಾನೂನಿನ ಚೌಕಟ್ಟು ಕಟ್ಟಿದರು. ಕೋಟ್ ದ್ಯು ರೋನ್ ಎಂಬ ಹೆಸರೊಂದರ ಕೆಳಗೇ 170ಕ್ಕೂ ಹೆಚ್ಚು ಊರುಗಳಿವೆ; ಗ್ರೆನಾಶ್ ಮತ್ತು ಸಿರಾ ಮುಖ್ಯ ತಳಿಗಳು. ಫ್ರೋಂಟೋನ್ ಟುಲೂಸ್‌ನ ಉತ್ತರಕ್ಕಿರುವ ಸೀಮೆ, ನೆಗ್ರೆತ್ ಎಂಬ ತಳಿ ಅಲ್ಲಿನದು. ಬೇರೆ ಕಡೆ ಅಪರೂಪ.

“ಇವನ್ನ ಅಲ್ಲಿ ಯಾರೂ ಪೂಜೆ ಮಾಡಲ್ಲ ಮಾವ. ನಮ್ಮ ಪಕ್ಕದ ಮನೆ ಅಜ್ಜ ಐದು ಲೀಟರ್ ಕ್ಯಾನ್ ಹಿಡ್ಕೊಂಡು ಹೋಗಿ ತುಂಬಿಸ್ಕೊಂಡು ಬರ್ತಾನೆ, ಪೆಟ್ರೋಲ್ ಹಾಕಿಸ್ದಂಗೆ.” ಹೋಟೆಲಿನಲ್ಲಿ ಬಾಟಲಿಯೂ ಬೇಡವಂತೆ. ಕಾಲು ಲೀಟರ್, ಅರ್ಧ ಲೀಟರ್ ಹೂಜಿಯಲ್ಲಿ ಊಟದ ಪಕ್ಕ ತಂದಿಡುತ್ತಾರೆ.

ಬಾಟಲಿಗಳನ್ನು ಅವನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟಿದ್ದ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಎಂಬ ಮಾತು ಫ್ರಾನ್ಸಿನ 16–18 ಡಿಗ್ರಿಯ ಕೋಣೆಗೆ ಸರಿ, ನಮ್ಮ 28 ಡಿಗ್ರಿಯ ಹಜಾರಕ್ಕಲ್ಲ. ಬೆಚ್ಚಗಾದ ವೈನಿನಲ್ಲಿ ಸ್ಪಿರಿಟ್ಟಿನ ಘಾಟೇ ಮೊದಲು ಮೂಗಿಗೆ ಬಡಿಯುತ್ತದೆ.

ಬರಿಬಾಯಿಗೆ ಗೆದ್ದದ್ದು ನಂದಿಯದು. ದಟ್ಟ ಬಣ್ಣ, ಕರಿಮೆಣಸಿನ ಛಾಯೆ, ಹಿಂದೆ ಓಕ್ ಮರದ ವಾಸನೆ. ರೋನ್‌ನದು ಮಾಗಿದ ಹಣ್ಣಿನ ರುಚಿ, ನುಣುಪು. ಫ್ರೋಂಟೋನ್ ತೆಳು, ಹೂವಿನಂಥ ಸುವಾಸನೆ ಬಂದು ಹೋಯಿತು. ಇದೇನು ಮಹಾ ಅಂದುಕೊಂಡೆ. ಆಮೇಲೆ ಅಕ್ಕ ಮುದ್ದೆ, ನಾಟಿಕೋಳಿ ಸಾರು ಬಡಿಸಿದಳು. ಖಾರ ನಾಲಿಗೆಗೆ ತಗುಲಿದ್ದೇ ತಡ, ನಂದಿಯ ಒಗರು ಖಾರಕ್ಕೆ ಕುಮ್ಮಕ್ಕು ಕೊಟ್ಟು ಬಾಯಿಗೆ ಬೆಂಕಿ ಹಚ್ಚಿತು. ಒಗರು ಕಡಿಮೆಯಿದ್ದ, ತಣ್ಣಗಿದ್ದ ಫ್ರೋಂಟೋನ್ ಮಾತ್ರ ಮೆಣಸಿನ ಪಕ್ಕ ಸುಮ್ಮನೆ ಕೂತು ಸಾರಿನ ರುಚಿಯನ್ನೇ ಹೆಚ್ಚಿಸಿತು. ಟುಲೂಸ್‌ನವರು ಹೂಜಿಯಲ್ಲಿ ಕುಡಿಯುವ ಈ ಅಗ್ಗದ ವೈನು ನಮ್ಮ ಮಸಾಲೆಗೆ ಇಷ್ಟು ಒಗ್ಗೀತೆಂದು ಎಣಿಸಿರಲಿಲ್ಲ.

ಅಕ್ಕ ಒಂದು ಗುಟುಕು ನೋಡಿ, “ಥೂ, ಅಡಿಕೆ ಚೊಗರು” ಎಂದು ಲೋಟ ಕೆಳಗಿಟ್ಟಳು. ಅದೂ ಒಂದು ಅಭಿಪ್ರಾಯವೇ.

ನನ್ನ ತೀರ್ಪು ಇಷ್ಟು. ಕಾಳಿನ ಪಲ್ಯ, ಸುಟ್ಟ ಮಾಂಸ, ಖಾರ ಕಡಿಮೆಯಿರುವ ಊಟವಾದರೆ ನಂದಿಯ ಕ್ಯಾಬರ್ನೆ–ಶಿರಾಜ್. ನಮ್ಮ ಸಾರಿನ ಊಟಕ್ಕೆ ಓಕ್ ಸೋಕದ, ಒಗರು ಕಡಿಮೆಯಿರುವ ಹಗುರ ವೈನು, ಅದೂ ತಂಪು ಮಾಡಿ. ನೆಂಟರು ಯಾರಾದರೂ ಫ್ರಾನ್ಸಿನಿಂದ ಬರುವವರಿದ್ದರೆ ದುಬಾರಿ ಬಾಟಲಿ ಬೇಡವೆನ್ನಿ, ಫ್ರೋಂಟೋನೋ, ಅಂಥದೇ ಹಗುರ ವೈನಾದ ಬೋಜೊಲೆಯೋ ತರಲು ಹೇಳಿ. ತೋಟ ನೋಡುವ ಆಸೆಯಿದ್ದರೆ ಫೆಬ್ರವರಿ–ಮಾರ್ಚ್‌ನ ಕೊಯ್ಲಿನ ಹೊತ್ತಿಗೆ ಹೋಗಿ, ಮುಂಚೆಯೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಮತ್ತೆ, ವಾಪಸು ಗಾಡಿ ಓಡಿಸಲು ಕುಡಿಯದವರೊಬ್ಬರು ಜೊತೆಗಿರಲಿ.