ರದ್ದಾದ ಗೆಲುವು

ಇಂಗ್ಲೆಂಡಿನಿಂದ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನನಗೊಂದು ದಪ್ಪ ಪುಸ್ತಕವನ್ನು ಕೊಟ್ಟು, "ಆತ್ಮಕಥೆ ಎಂದರೆ ನಿಮಗೆ ಪ್ರೀತಿಯಲ್ಲವೇ ಸಾರ್, ಇದನ್ನೂ ಓದಿ" ಎಂದ. ಅದು ಪಂದ್ಯದ ಕುದುರೆಗಳನ್ನು ಪಳಗಿಸುತ್ತಿದ್ದ ಜೆನ್ನಿ ಪಿಟ್‌ಮನ್ ಅವರ ಆತ್ಮಕಥೆ, 1998ರಲ್ಲಿ ಪ್ರಕಟವಾದದ್ದು. ಎರಡು ವಾರ ಅದನ್ನು ತೆರೆಯಲೇ ಇಲ್ಲ. ಚಿಕ್ಕಂದಿನಲ್ಲಿ ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ನಡೆಯುವಾಗ ನಮ್ಮ ತಂದೆಯವರು ನನ್ನ ಕೈಹಿಡಿದು ಬೇಗಬೇಗ ಹೆಜ್ಜೆ ಹಾಕುತ್ತಿದ್ದರು. ಕುದುರೆ ಜೂಜು ಮನೆ ಮುರಿಯುವ ಕೆಲಸವೆಂಬುದು ನಮ್ಮಲ್ಲಿ ವೇದವಾಕ್ಯವಾಗಿತ್ತು.

ಆದರೆ ಪುಸ್ತಕ ಜೂಜಿನದಲ್ಲ, ದುಡಿಮೆಯದು. 1946ರಲ್ಲಿ ಲೆಸ್ಟರ್‌ಶೈರಿನ ಒಕ್ಕಲು ಮನೆಯಲ್ಲಿ, ಏಳು ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದವರು ಈಕೆ. ಬ್ರಿಟನ್ನಿನಲ್ಲಿ 1966ರವರೆಗೆ ಹೆಂಗಸರಿಗೆ ಕುದುರೆ ತರಬೇತಿಯ ಪರವಾನಗಿಯನ್ನೇ ಕೊಡುತ್ತಿರಲಿಲ್ಲ. ಹೆಂಗಸು ದುಡಿದರೂ ಪರವಾನಗಿ ಲಾಯದ ಆಳಿನ ಹೆಸರಿನಲ್ಲಿರಬೇಕಿತ್ತು. ಫ್ಲಾರೆನ್ಸ್ ನೇಗಲ್ ಎಂಬಾಕೆ ಜಾಕಿ ಕ್ಲಬ್ಬಿನ ಮೇಲೆ ನ್ಯಾಯಾಲಯಕ್ಕೆ ಹೋದ ಮೇಲೆಯೇ ಆ ಬಾಗಿಲು ತೆರೆದದ್ದು. ಅಂಥ ಲೋಕದಲ್ಲಿ, ದಾಂಪತ್ಯ ಮುರಿದುಬಿದ್ದ ಮೇಲೆ, ಇಬ್ಬರು ಗಂಡುಮಕ್ಕಳ ತಾಯಿಯಾದ ಪಿಟ್‌ಮನ್ 1983ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಪಂದ್ಯವನ್ನು ಕಾರ್ಬಿಯರ್ ಎಂಬ ಕುದುರೆಯಿಂದ ಗೆಲ್ಲಿಸಿದರು. ಆ ಪಂದ್ಯ ಗೆದ್ದ ಕುದುರೆಯನ್ನು ತಯಾರು ಮಾಡಿದ ಮೊದಲ ಮಹಿಳೆ ಅವರೇ. ಸುಮಾರು ಏಳು ಕಿಲೋಮೀಟರು ದೂರ, ಮೂವತ್ತು ಬೇಲಿಗಳ ಜಿಗಿತ. ಕುದುರೆಗೂ ಸವಾರನಿಗೂ ಪ್ರಾಣದ ಹಂಗಿನ ಓಟವದು.

ಸೋಲುಗಳೂ ಕಡಿಮೆಯಲ್ಲ. 1973ರಲ್ಲಿ ಅವರ ಅಂದಿನ ಪತಿ ರಿಚರ್ಡ್, ಕ್ರಿಸ್ಪ್ ಎಂಬ ಕುದುರೆಯ ಮೇಲೆ ಬಹುದೂರ ಮುಂದಿದ್ದು, ಕೊನೆಯ ಗಳಿಗೆಯಲ್ಲಿ ರೆಡ್ ರಮ್‌ಗೆ ಸೋತರು. ಹದಿನೆಂಟು ವರ್ಷಗಳ ಬಳಿಕ, 1991ರಲ್ಲಿ, ಮಗ ಮಾರ್ಕ್ ತಾಯಿಯೇ ತಯಾರು ಮಾಡಿದ ಕುದುರೆಯ ಮೇಲೆ ಕೊನೆಯ ಬೇಲಿಯನ್ನು ಎಲ್ಲರಿಗಿಂತ ಮೊದಲು ದಾಟಿ, ಅದೇ ಹಾದಿಯಲ್ಲಿ ಸೋತ.

ನನ್ನನ್ನು ತಡೆದು ನಿಲ್ಲಿಸಿದ್ದು 1993ರ ಪಂದ್ಯ. ಓಟ ಸರಿಯಾಗಿ ಆರಂಭವಾಗಲಿಲ್ಲ. ಹಿಂದಕ್ಕೆ ಕರೆದದ್ದು ಸವಾರರಿಗೆ ತಿಳಿಯಲಿಲ್ಲ. 39 ಕುದುರೆಗಳಲ್ಲಿ 30 ಓಡಿಬಿಟ್ಟವು. ತಮ್ಮ ಕುದುರೆಗಳು ಇನ್ನೂ ಓಡುತ್ತಿದ್ದಾಗಲೇ ಪಿಟ್‌ಮನ್ ಅಧಿಕಾರಿಗಳಿದ್ದಲ್ಲಿಗೆ ನುಗ್ಗಿ, ಇದನ್ನು ನಿಲ್ಲಿಸಿರೆಂದು ಅಂಗಲಾಚಿದರು. ಓಟ ನಿಲ್ಲಲಿಲ್ಲ. ಮೊದಲು ಗುರಿ ಮುಟ್ಟಿದ್ದು ಅವರದೇ ಎಷಾ ನೆಸ್. ಪಂದ್ಯ ರದ್ದಾಯಿತು. ಗೆಲುವು ತನ್ನ ಕಡೆಗೇ ಬರುತ್ತಿದ್ದರೂ, ಅದು ನ್ಯಾಯದ್ದಲ್ಲವೆಂದು ಕೂಗಿ ಹೇಳಿದ ಹೆಂಗಸು!

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ನನ್ನ ವಿದ್ಯಾರ್ಥಿಗಳೇ, ನಾನು ಇಲ್ಲಿ ಈವರೆಗೆ ಬರೆದದ್ದೆಲ್ಲ ಶಾಲೆಯ ಗೆಲುವುಗಳನ್ನೇ. ನಮಗೆ ನೂರಕ್ಕೆ ನೂರು ಫಲಿತಾಂಶ ಬಂದ ವರ್ಷದ ಬಗೆಗೂ ಬರೆದಿದ್ದೇನೆ, ಹಾರ ಹಾಕಿಸಿಕೊಂಡದ್ದನ್ನೂ. ಬರೆಯದೆ ಬಿಟ್ಟದ್ದು ಒಂದಿದೆ. ಆ ವರ್ಷ ಗಣಿತದಲ್ಲಿ ಹಿಂದಿದ್ದ ಹುಡುಗನೊಬ್ಬನನ್ನು ಹಾಜರಾತಿಯ ನೆಪ ಹೇಳಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಲಿಲ್ಲ. ನಿರ್ಧಾರ ನನ್ನೊಬ್ಬನದಲ್ಲ ನಿಜ. ಆದರೆ ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು, ಅದಕ್ಕೆ ಸಹಿ ಹಾಕಿದವನು ನಾನು. ಅವನ ತಾಯಿ ಶಾಲೆಯ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕಾದು ಕುಳಿತಿದ್ದರು. ನಾನು ಹಿಂದಿನ ಬಾಗಿಲಿನಿಂದ ಮನೆಗೆ ಹೋದೆ.

ಕುದುರೆ ತನ್ನ ನೋವನ್ನು ಹೇಳಲಾರದು. ಪಳಗಿಸುವವರು ಅದರ ಕಾಲುಗಳನ್ನು ಸವರಿ, ಎಲ್ಲಿಯಾದರೂ ಬಿಸಿಯಿದೆಯೇ ಎಂದು ನೋಡಿ ತಿಳಿಯಬೇಕು. ಮಾತು ಬಲ್ಲ ಹುಡುಗನನ್ನು ನಾನು ಒಂದು ಮಾತೂ ಕೇಳಲಿಲ್ಲ. ಬೆಳಗಿನ ಜಾವ ಅವನು ಮಂಡಿಗೆ ಮೂಟೆ ಹೊರಲು ಹೋಗುತ್ತಿದ್ದನೆಂಬುದು ನನಗೆ ತಿಳಿದದ್ದು ಪರೀಕ್ಷೆಗಳು ಮುಗಿದ ಮೇಲೆ.

ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಅವನೇ ನನ್ನನ್ನು ಗುರುತು ಹಿಡಿದ. ಕಾಲಿಗೆರಗಿ, ನನ್ನ ಚೀಲ ಹೊತ್ತು, ಬಸ್ಸಿನಲ್ಲಿ ಜಾಗ ಹಿಡಿದುಕೊಟ್ಟ. ಆ ವಿಷಯವನ್ನು ಅವನು ಎತ್ತಲಿಲ್ಲ. ಎತ್ತುವ ಧೈರ್ಯ ನನಗಿರಲಿಲ್ಲ.

ಪುಸ್ತಕ ಕೊಟ್ಟ ಶಿಷ್ಯ ಮೊನ್ನೆ ದೂರವಾಣಿಯಲ್ಲಿ, "ಹೇಗಿತ್ತು ಸಾರ್?" ಎಂದು ಕೇಳಿದ. ಅವನೂ ಅದೇ ತರಗತಿಯಲ್ಲಿದ್ದವನು. ಗೆಳೆಯನ ಊರು ಕೇಳಿ ಬರೆದುಕೊಂಡಿದ್ದೇನೆ. ಈ ವಾರ ಹೋಗಿಬರುತ್ತೇನೆ. ನೂರಕ್ಕೆ ನೂರರ ಆ ಫಲಿತಾಂಶವನ್ನು, ನನ್ನ ಮಟ್ಟಿಗಾದರೂ, ಇಂದು ರದ್ದು ಮಾಡಿದ್ದೇನೆ.